ಹಸಿದಾಗೆಲ್ಲ ಉಣ್ಣುವ ಬಸ್ಸು

ಕಾರಿಡಾರಿನ ಅರ್ಧಕ್ಕೆ ಬಂದ ಚೂಟಿಯ ರಟ್ಟಿನ ಬಸ್ಸು ಮೊದಲು ನಿಧಾನವಾಯಿತು. ಆಮೇಲೆ ತೆವಳಿತು. ಆಮೇಲೆ ನಿಂತೇಬಿಟ್ಟಿತು.

"ಫುಸ್" ಅಂದ ಉದ್ದಣ್ಣ.

ತರಗತಿಯಲ್ಲಿ ಎಲ್ಲರಿಗಿಂತ ಎತ್ತರ ಇದ್ದದ್ದಕ್ಕೆ ಅವನಿಗೆ ಆ ಹೆಸರು. ದಪ್ಪ ದಪ್ಪ ಸೆಲ್ ಹೊತ್ತ ಅವನ ಲಾರಿ ಗುಡುಗುಡು ಅಂತ ಹೋಗಿ, ಆಗಲೇ ಕಾರಿಡಾರಿನ ಕೊನೆಯ ಗೋಡೆಗೆ ಮೂಗು ತಾಗಿಸಿ ನಿಂತಿತ್ತು. ಅದೇ ಪಂದ್ಯ. ಈ ತುದಿಯಲ್ಲಿ ಬಿಟ್ಟ ಗಾಡಿ ಆ ತುದಿಯ ಗೋಡೆ ಮುಟ್ಟಬೇಕು. ಬಿಟ್ಟ ಮೇಲೆ ಯಾರೂ ಕೈ ಹಚ್ಚುವ ಹಾಗಿಲ್ಲ.

"ಪರವಾಗಿಲ್ಲ ಪುಟ್ಟಿ, ಎತ್ಕೋ" ಅಂದರು ವಿಜ್ಞಾನದ ಮಿಸ್. "ಮುಂದಿನವರು ಬರಲಿ."

ಚೂಟಿ ಎತ್ತಿಕೊಳ್ಳಲಿಲ್ಲ. ನಿಂತ ಬಸ್ಸನ್ನೇ ನೋಡುತ್ತಾ ನಿಂತಳು.

ಇದೆಲ್ಲ ಶುರುವಾದದ್ದು ಅಮ್ಮನ ಬಸ್ಸಿನಿಂದ. ಚೂಟಿಯ ಅಮ್ಮ ಊರೊಳಗಿನ ಬಸ್ಸಿನ ಡ್ರೈವರ್. ಆ ಬಸ್ಸಿಗೆ ಡೀಸೆಲ್ ಬೇಡ, ಬ್ಯಾಟರಿಯೂ ಇಲ್ಲ. ಅದರ ಹೊಟ್ಟೆಯಲ್ಲಿರುವುದು ಸೂಪರ್ ಕೆಪಾಸಿಟರ್. ಬ್ಯಾಟರಿ ನಿಧಾನಕ್ಕೆ ಅಗಿದು ತಿನ್ನುವ ದೊಡ್ಡಪ್ಪನಾದರೆ, ಇದು ಗಬಗಬ ನುಂಗಿ ಆಟಕ್ಕೆ ಓಡುವ ಮಗು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಕರೆಂಟು ತುಂಬಿಕೊಳ್ಳುತ್ತದೆ, ಬೇಗ ಖಾಲಿಯೂ ಆಗುತ್ತದೆ. ಹಾಗಾಗಿ ಸ್ಟಾಪು ಬಂದಾಗಲೆಲ್ಲ ಬಸ್ಸು ತನ್ನ ತಲೆಯ ಮೇಲಿನ ಕಬ್ಬಿಣದ ಕೈಯನ್ನು ಎತ್ತಿ, ಸ್ಟಾಪಿನ ಚಾವಣಿಯ ಸರಳು ಹಿಡಿದುಕೊಳ್ಳುತ್ತದೆ. ಜನ ಹತ್ತಿ ಇಳಿಯುವಷ್ಟರಲ್ಲಿ ಅದರ ಊಟ ಮುಗಿದಿರುತ್ತದೆ. ಕೆಲವು ಸಲ ಜನ ಹತ್ತಿ ಕೂತರೂ ಊಟ ಮುಗಿದಿರುವುದಿಲ್ಲ. ಗೊಣಗಾಟ ಶುರುವಾಗುವುದು ಆಗಲೇ.

ಒಂದು ಸಂಜೆ ಒಬ್ಬರು ಕೇಳಿಯೇಬಿಟ್ಟಿದ್ದರು, "ಎಷ್ಟು ಸಲ ಉಣ್ಣುತ್ತಮ್ಮಾ ನಿನ್ನ ಬಸ್ಸು?"

"ಹಸಿದಾಗೆಲ್ಲ ಸ್ವಾಮಿ" ಅಂದಿದ್ದಳು ಅಮ್ಮ, ಕನ್ನಡಿಯಲ್ಲಿ ಅವರನ್ನು ನೋಡುತ್ತಾ. "ನೀವೂ ಹಾಗೇ ಅಲ್ವಾ?"

ಬಸ್ಸಿಗೆ ಬಸ್ಸೇ ನಕ್ಕಿತ್ತು. ಚೂಟಿ ಮಾತ್ರ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಿದ್ದಳು. ಏಕೆಂದರೆ ಹಿಂದಿನ ಸೀಟಿನಲ್ಲಿ ಉದ್ದಣ್ಣ ಕೂತಿದ್ದ.

ಮಾರನೆಯ ದಿನ ಅವನು ಇಡೀ ಕ್ಲಾಸಿಗೆ ಆ ಬಸ್ಸಿನ ನಟನೆ ಮಾಡಿ ತೋರಿಸಿದ. ಎರಡು ಹೆಜ್ಜೆ ಇಡುವುದು, ಕೈ ಮೇಲೆತ್ತಿ "ಅಮ್ಮಾ, ಹಸಿವು" ಅನ್ನುವುದು. ಮತ್ತೆ ಎರಡು ಹೆಜ್ಜೆ, ಮತ್ತೆ ಹಸಿವು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಚೂಟಿ ಬೆಂಚಿನ ಮೇಲೆ ಹತ್ತಿ ನಿಂತಳು. "ಪಂದ್ಯಕ್ಕೆ ಅಮ್ಮನ ಬಸ್ಸಿನಂಥದ್ದೇ ಮಾಡ್ತೀನಿ. ಒಂದು ಸಲವೂ ನಿಲ್ಲದೆ ಗೋಡೆ ಮುಟ್ಟಿಸ್ತೀನಿ. ಆಗ ನೋಡು."

ಮಿಸ್ ಲ್ಯಾಬಿನಿಂದ ಹೆಬ್ಬೆರಳಿಗಿಂತ ಸಣ್ಣದೊಂದು ಸೂಪರ್ ಕೆಪಾಸಿಟರ್ ಕೊಟ್ಟರು. ಹಿಡಿಕೆ ತಿರುಗಿಸಿ ಕರೆಂಟು ಮಾಡುವ ಪುಟ್ಟ ಡೈನಮೋವನ್ನೂ ಕೊಟ್ಟರು. ಸೆಲ್ ಹಾಕಿದರೆ ಸುಲಭ ಅಂತ ಒಂದು ಮಾತು ಹೇಳಿಯೂ ನೋಡಿದರು. ಚೂಟಿ ತಲೆ ಅಲ್ಲಾಡಿಸಿದಳು. ಮನೆಯಲ್ಲಿ ಬಾಗಿಲಿಂದ ಅಡುಗೆಮನೆಯವರೆಗೆ ಓಡಿಸಿ ಓಡಿಸಿ ನೋಡಿದಳು. ರಟ್ಟು ಕತ್ತರಿಸಿ ತೂಕ ಇಳಿಸಿದಳು, ಚಕ್ರಕ್ಕೆ ಎಣ್ಣೆ ಬಿಟ್ಟಳು. ಕೊನೆಗೂ ಅದು ಕಾರಿಡಾರಿನಷ್ಟು ದೂರ ಹೋಯಿತು, ಏದುಸಿರು ಬಿಡುತ್ತಾ.

ನಿನ್ನೆ ರಾತ್ರಿ ತಾತ ಎಂದಿನಂತೆ ತನ್ನ ಫೋನು, ಟಾರ್ಚು, ರೇಡಿಯೋ ಎಲ್ಲವನ್ನೂ ಸಾಲಾಗಿ ಚಾರ್ಜಿಗೆ ಹಾಕಿದರು. ಚೂಟಿಯೂ ಡೈನಮೋ ತಿರುಗಿಸಿ ಬಸ್ಸಿನ ಹೊಟ್ಟೆ ತುಂಬಿಸಿ ಶೆಲ್ಫಿನಲ್ಲಿಟ್ಟು ನಿಶ್ಚಿಂತೆಯಿಂದ ಮಲಗಿದಳು.

ಈಗ ನೋಡಿದರೆ ಹೀಗೆ.

"ಪೋಂ ಪೋಂ" ಅಂದ ಉದ್ದಣ್ಣ. ಇನ್ನೂ ನಾಲ್ಕಾರು ಜನ ಪೋಂ ಪೋಂ ಅಂದರು.

ಹಾರ್ನು ಕೇಳಿದ್ದೇ ಚೂಟಿಗೆ ಅಮ್ಮ ನೆನಪಾದಳು. ಸ್ಟಾಪಿನಲ್ಲಿ ಬಸ್ಸು ಉಣ್ಣುವಾಗ ಹಿಂದಿನ ಗಾಡಿಗಳು ಹೀಗೇ ಬಡಿದುಕೊಳ್ಳುತ್ತವೆ. ಅಮ್ಮ ಸ್ಟೀರಿಂಗಿನಿಂದ ಕೈ ತೆಗೆದು ಮಡಿಲಲ್ಲಿಟ್ಟು, ಮೀಟರಿನ ಮುಳ್ಳು ಮೇಲೆ ಬರುವವರೆಗೆ ಸುಮ್ಮನೆ ಕೂತಿರುತ್ತಾಳೆ. ಅವಸರ ಅವರದ್ದು, ತನ್ನದಲ್ಲ ಎಂಬಂತೆ.

ಚೂಟಿ ಚೀಲದಿಂದ ಡೈನಮೋ ತೆಗೆದಳು. ಕಾರಿಡಾರಿನ ನಟ್ಟನಡುವೆ ಚಕ್ಕಳಮಕ್ಕಳ ಹಾಕಿ ಕೂತಳು. ಬಸ್ಸಿಗೆ ವೈರು ಸಿಕ್ಕಿಸಿದಳು.

"ಮಿಸ್, ಮುಟ್ಟಿದ್ಲು" ಅಂದ ಉದ್ದಣ್ಣ. "ಔಟ್."

"ಮುಟ್ಟಿದರೆ ಲೆಕ್ಕಕ್ಕಿಲ್ಲ ಪುಟ್ಟಿ. ನಿನಗೆ ಗೊತ್ತಲ್ಲ" ಅಂದರು ಮಿಸ್.

"ಗೊತ್ತು ಮಿಸ್. ನನ್ನ ಹೆಸರು ಹೊಡೆದುಹಾಕಿ." ಚೂಟಿ ತಲೆ ಎತ್ತದೆ ಹಿಡಿಕೆ ತಿರುಗಿಸತೊಡಗಿದಳು. "ಆದರೆ ಇದು ಗೋಡೆ ಮುಟ್ಟೇ ಮುಟ್ಟುತ್ತೆ."

ಗರ್ ಗರ್ ಗರ್. ಪೋಂ ಪೋಂ ಇನ್ನೂ ಜೋರಾಯಿತು. ಚೂಟಿ ಬೇಗ ಬೇಗ ತಿರುಗಿಸಲಿಲ್ಲ, ನಿಲ್ಲಿಸಲೂ ಇಲ್ಲ. ಸಾಕು ಅನ್ನಿಸಿದಾಗ ವೈರು ಬಿಚ್ಚಿ ಕೈ ತೆಗೆದಳು. ಬಸ್ಸು ಬಾಣದಂತೆ ಚಿಮ್ಮಿತು. ದಾರಿಯಲ್ಲಿ ನಿಂತಿದ್ದ ಉದ್ದಣ್ಣ ಎರಡೂ ಕಾಲು ಎತ್ತಿ ಹಾರಿದ. ಬಸ್ಸು ಅವನ ಕಾಲಡಿಯಿಂದ ನುಸುಳಿ ಗೋಡೆಗೆ ಢೀ ಹೊಡೆದು, ರಟ್ಟಿನ ಮೂಗು ಜಜ್ಜಿಕೊಂಡು ನಿಂತಿತು.

ಪೋಂ ಪೋಂ ನಿಂತುಹೋಯಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಮಿಸ್ ಅವಳ ಹೆಸರು ಹೊಡೆದುಹಾಕಿದರು. ಉದ್ದಣ್ಣ ಬಗ್ಗಿ ಬಸ್ಸಿನ ಹೊಟ್ಟೆಯೊಳಗೆ ಇಣುಕಿ, "ಇಷ್ಟೇ ಇಷ್ಟು ಹೊತ್ತಲ್ಲಿ ತುಂಬಿತಾ?" ಅಂದ. ಚೂಟಿ ಬಸ್ಸನ್ನು ಎತ್ತಿಕೊಂಡು ಹೋದಳು.

ಸಂಜೆ ಶಾಲೆಯ ಮುಂದಿನ ಸ್ಟಾಪಿನಲ್ಲಿ ಅಮ್ಮನ ಬಸ್ಸು ಹತ್ತಿ, ಡ್ರೈವರಿನ ಹಿಂದಿನ ಸೀಟಿನಲ್ಲಿ ಕೂತಳು. ನಡೆದದ್ದನ್ನೆಲ್ಲ ಅಮ್ಮನ ಬೆನ್ನಿಗೆ ಹೇಳಿದಳು.

"ಹೊಟ್ಟೆ ಯಾವಾಗ ತುಂಬಿಸಿದ್ದೆ?" ಕೇಳಿದಳು ಅಮ್ಮ.

"ರಾತ್ರಿ."

ಅಮ್ಮನ ಭುಜ ಕುಲುಕಿತು, ನಗುತ್ತಿದ್ದಳು. "ತಾತನ ಫೋನ್ ಅಂದ್ಕೊಂಡ್ಯಾ? ಸುಮ್ಮನಿಟ್ಟರೆ ಇದರ ಕರೆಂಟು ಸೋರಿಹೋಗುತ್ತೆ ಕಣೇ. ಡಿಪೋದಲ್ಲಿ ನಾವು ಬೆಳಿಗ್ಗೆ ಹೊರಡೋ ಮುಂಚೇನೇ ತುಂಬಿಸೋದು. ನನ್ನ ಕೇಳೋದಲ್ವಾ?"

ಅಷ್ಟು ದಿನ ಚೂಟಿ ರಟ್ಟು ಕತ್ತರಿಸಿದ್ದಳು. ಅಮ್ಮನನ್ನು ಮಾತ್ರ ಒಂದು ಮಾತೂ ಕೇಳಿರಲಿಲ್ಲ.

ಮುಂದಿನ ತಿರುವು ದಾಟಿದ ಮೇಲೆ ಅಮ್ಮ ಮತ್ತೆ ಕೇಳಿದಳು, "ಅಲ್ಲ, ನನ್ನ ಬಸ್ಸಿನಂಥದ್ದು ಒಂದು ಸಲವೂ ನಿಲ್ಲದೆ ಓಡಬೇಕು ಅಂತ ಹೇಳಿದ್ದು ಯಾರು?"

ಮಿಸ್ ಅಲ್ಲ. ಉದ್ದಣ್ಣನೂ ಅಲ್ಲ.

"ನಾನೇ" ಅಂದಳು ಚೂಟಿ, ಸಣ್ಣ ದನಿಯಲ್ಲಿ. ಅಮ್ಮ ಕನ್ನಡಿಯಲ್ಲಿ ಅವಳನ್ನು ಒಂದು ಕ್ಷಣ ನೋಡಿ, ರಸ್ತೆಯ ಕಡೆ ಕಣ್ಣು ತಿರುಗಿಸಿದಳು. ಚೂಟಿ ಮಡಿಲಲ್ಲಿದ್ದ ಬಸ್ಸಿನ ಜಜ್ಜಿದ ಮೂಗನ್ನು ಬೆರಳಿನಿಂದ ಮೆಲ್ಲಗೆ ನೇರ ಮಾಡಿದಳು.

ಸ್ಟಾಪು ಬಂತು. ಕಬ್ಬಿಣದ ಕೈ ಮೇಲೆದ್ದು ಸರಳು ಹಿಡಿಯಿತು. ಜನ ಹತ್ತಿದರು, ಇಳಿದರು. ಬಸ್ಸು ನಿಂತೇ ಇತ್ತು. ಹಿಂದಿನಿಂದ ಹಾರ್ನು ಕೇಳಿಸಿತು.

"ಶುರುವಾಯ್ತಪ್ಪ ಇದರ ಊಟ" ಅಂತ ಯಾರೋ ಗೊಣಗಿದರು.

ಚೂಟಿ ಈ ಸಲ ಕಿಟಕಿಯ ಕಡೆ ಮುಖ ತಿರುಗಿಸಿದ್ದು ಅಡಗಿಸಿಕೊಳ್ಳುವುದಕ್ಕಲ್ಲ. ದೂರದಲ್ಲಿ ಒಬ್ಬರು ಹೆಂಗಸು ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಚಪ್ಪಲಿ ಹಿಡಿದು, ಬಸ್ಸು ತಪ್ಪಿಯೇ ಹೋಯಿತು ಅನ್ನುವ ಹಾಗೆ ಓಡಿ ಬರುತ್ತಿದ್ದರು. ಚೂಟಿ ಕಿಟಕಿಯಿಂದ ತಲೆ ಹೊರಹಾಕಿದಳು.

"ನಿಧಾನ ಬನ್ನಿ ಆಂಟಿ" ಅಂತ ಕೂಗಿದಳು, ಹಿಂದಿನ ಸೀಟಿನವರಿಗೂ ಚೆನ್ನಾಗಿ ಕೇಳಿಸುವ ಹಾಗೆ. "ನಮ್ಮ ಬಸ್ಸು ಇನ್ನೂ ಉಣ್ತಾ ಇದೆ."