ವಿಮಾನದೊಳಗಿನ ಕಳ್ಳದಾರಿ

ಪ್ರಯಾಣಿಕರೆಲ್ಲ ಬೆಲ್ಟ್ ಕಟ್ಟಿಕೊಂಡು ಕೂತಿದ್ದರು. ಹುಬ್ಬಳ್ಳಿಯಿಂದ ಘಟ್ಟದಾಚೆಯ ಕರಾವಳಿಗೆ ಹೊರಡಬೇಕಿದ್ದ ‘ಮಲಪ್ರಭಾ ಏರ್’ನ ಸಣ್ಣ ವಿಮಾನದ ಬಾಗಿಲು ಮುಚ್ಚಿಯೂ ಆಗಿತ್ತು. ಪೈಲಟ್ ವಿದ್ಯಾ ಪರದೆಯ ಮೇಲೆ ಹೋಗುವ ದಾರಿಯನ್ನು ಕೊನೆಯ ಸಲ ಓಡಿಸಿ ನೋಡಿದರು. ಕೈ ಅಲ್ಲೇ ನಿಂತಿತು.

ಇಳಿಯುವ ದಾರಿಯಲ್ಲಿ ಒಂದು ಗುಡ್ಡವಿದೆ. ಅದನ್ನು ಬಳಸಿಕೊಂಡು ಹೋಗುವುದು ಅವರಿಗೆ ಮನೆಯ ಮೆಟ್ಟಿಲಿನಷ್ಟು ಪರಿಚಿತ. ಆದರೆ ಪರದೆಯ ಮೇಲೆ ಗುಡ್ಡವೇ ಇರಲಿಲ್ಲ. ಇಳಿಯುವ ರೇಖೆ ಆ ಜಾಗವನ್ನು ನೇರವಾಗಿ ಹಾದು ಹೋಗಿತ್ತು.

ಹೊರಗೆ ಮುಂಜಾನೆಯ ಮಂಜು. ಅಂಥ ದಿನ ಪೈಲಟ್ ನಂಬುವುದು ಪರದೆಯನ್ನೇ.

ವಿದ್ಯಾ ಎಂಜಿನ್ ಆರಿಸಿ, ಪ್ರಯಾಣಿಕರನ್ನು ಇಳಿಸಲು ಹೇಳಿ, ದಾಕ್ಷಾಯಿಣಿಗೆ ಫೋನ್ ಮಾಡಿದರು.

ದಾಕ್ಷಾಯಿಣಿ ಆ ಕಂಪನಿಯ ಕಂಪ್ಯೂಟರ್ ರಕ್ಷಣೆಯ ಮುಖ್ಯಸ್ಥೆ. ಸುಳ್ಳ ಎಂಬ ಹಳ್ಳಿಯ ಹತ್ತಿ ಬೆಳೆಯುವ ಮನೆತನದವಳು, ಐವತ್ತು ದಾಟಿದವಳು, ಮುಂಗೋಪಿ. ವಿಮಾನದ ಕಂಪ್ಯೂಟರಿಗೆ ಹೊರಗಿನವರು ಕೈ ಹಾಕದಂತೆ ನೋಡಿಕೊಳ್ಳುವುದು ಅವಳ ಕೆಲಸ. ಮಧ್ಯಾಹ್ನದೊಳಗೆ ಅವಳು ಹಿಂದಿನ ಸೀಟಿನ ಪಕ್ಕದ ಫಲಕ ಬಿಚ್ಚಿಸಿ, ತಂತಿಗಳ ನಡುವೆ ಅಡಗಿದ್ದ ಒಂದು ಕಪ್ಪು ಡಬ್ಬಿಯನ್ನು ಹೊರತೆಗೆದಳು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಒಳಗೆ ಒಂದು ಮೊಬೈಲ್ ಸಿಮ್.

ಅದನ್ನು ಕೈಯಲ್ಲಿ ಹಿಡಿದು ನಿಂತಾಗ ಅವಳ ಕಿವಿ ಬಿಸಿಯಾಯಿತು. ತುಂಬಿದ ವಿಮಾನ. ಮಕ್ಕಳು, ಮುದುಕರು. ಅಂಗಡಿಯಲ್ಲಿ ಸಿಗುವ ಇಷ್ಟು ಅಗ್ಗದ ಡಬ್ಬಿ.

ಅವಳು ಊಟಕ್ಕೆ ಹೋಗಿ ಬರುವಷ್ಟರಲ್ಲಿ ಪೊಲೀಸರು ಮೆಕ್ಯಾನಿಕ್ ಜಾಕೀರನನ್ನು ಎಳೆದೊಯ್ದಿದ್ದರು.

*

‘ಯಾರನ್ನ ಕೇಳಿ ಒಯ್ದ್ರಿ?’ ದಾಕ್ಷಾಯಿಣಿ ಕೇಳಿದಳು.

ಇನ್‌ಸ್ಪೆಕ್ಟರ್ ಕುಬೇರಪ್ಪ ವಿಮಾನ ನಿಲ್ಲಿಸುವ ಹ್ಯಾಂಗರಿನ ನೆರಳಿನಲ್ಲಿ ಟೋಪಿ ತೆಗೆದು ಬೆವರು ಒರೆಸಿಕೊಳ್ಳುತ್ತಿದ್ದ. ಕೆಟ್ಟವನಲ್ಲ, ಅವಸರದವನು.

‘ಮೇಡಂ, ನಿನ್ನಿ ಆ ಫಲಕ ಬಿಚ್ಚಿದಾಂವ ಅಂವನ. ದೀಪ ರಿಪೇರಿ ಅಂತ. ಅಲ್ಲೇ ಡಬ್ಬಿ ಸಿಕ್ಕೇತಿ. ಮ್ಯಾಲೆ ಸಾಕ್ಷಿನೂ ಐತಿ. ಶಾಲ್ಮಲಾ ಕಂಪನಿ ರಾಜಶೇಖರ ಅವ್ರು ಅಂವನ ಕೈಯಾಗ ಕಪ್ಪು ಡಬ್ಬಿ ನೋಡ್ಯಾರ.’

‘ಅಷ್ಟಕ್ಕ?’

‘ಅಂವನ ಅಣ್ಣ ಹುಸೇನಬಾಷಾ ದುಬೈದಾಗ ಅದಾನ. ವಾರಕ್ಕೊಮ್ಮೆ ಫೋನ್ ಬರ್ತೈತಿ.’

‘ನನ್ನ ತಂಗಿ ಮಸ್ಕತ್‌ನ್ಯಾಗ ಅದಾಳ್ರಿ. ದಿನಾ ಫೋನ್ ಮಾಡ್ತಾಳ. ನನ್ನನ್ನೂ ಒಯ್ಯತೀರೇನು?’

ಕುಬೇರಪ್ಪ ಟೋಪಿಯ ಒಳಗನ್ನು ಒರೆಸತೊಡಗಿದ.

‘ಎಲ್ಲಾರ ಎದುರಿಗೆ ಒಯ್ದೀರಂತ. ಕೈ ಹಿಡದು.’

‘ಮ್ಯಾಲಿಂದ ಒತ್ತಡ ಭಾಳ ಐತ್ರಿ ಮೇಡಂ. ವಿಮಾನದ ವಿಷಯ.’

‘ವಿಮಾನದ ವಿಷಯ ಅಂತನ ಹೇಳಾಕತ್ತೇನಿ. ತಪ್ಪು ಮನಿಷ್ಯಾನ್ನ ಹಿಡದ್ರ ಖರೇ ಮಾಡಿದಾಂವ ಆರಾಮ ಚಾ ಕುಡೀತಾನ. ಬರ್ರಿ ಇಲ್ಲೆ, ಮೊದಲ ತಿಳಕೊಳ್ರಿ.’

ಅವಳು ಅವನನ್ನು ವಿಮಾನದ ಮೂತಿಯ ಬಳಿಗೆ ಕರೆದೊಯ್ದಳು.

‘ಈ ವಿಮಾನದಾಗ ಎರಡು ಮನಿ ಅದಾವ ಅಂತ ತಿಳೀರಿ. ಒಂದು ಪ್ರಯಾಣಿಕರದು. ವೈಫೈ, ಸಿನಿಮಾ ಎಲ್ಲಾ ಅದರಾಗ. ಅದಕ್ಕ ಹೊರಗಿನ ಗಾಳಿ ಬರ್ತೈತಿ. ಇನ್ನೊಂದು ವಿಮಾನ ಹಾರಿಸೋ ಕಂಪ್ಯೂಟರಿಂದು. ಅದಕ್ಕ ಹೊರಗಿನ ಸಂಪರ್ಕನ ಇಲ್ಲ. ಇರಬಾರದು. ನಡುವ ಗ್ವಾಡಿ. ಯಾರೋ ಆ ಗ್ವಾಡ್ಯಾಗ ತೂತು ಕೊರದು ಈ ಡಬ್ಬಿ ಇಟ್ಟಾರ. ಇದರ ಸಿಮ್ ಹಿಡದು ಎಲ್ಲೆ ಕುಂತರೂ ಒಳಗ ಬರಬಹುದು.’

‘ಹಂಗಾದ್ರ ದಾರಿ ನಕಾಶಿ ಅದರೊಳಗ ಹೆಂಗ ಹೋಗ್ತಾವ?’

‘ಪ್ರತಿ ತಿಂಗಳ ಹೊಸಾದು ಹಾಕ್ತಾರ. ಧಾರವಾಡದಾಚೆ ಬೇಲೂರು ಕೈಗಾರಿಕಾ ಪ್ರದೇಶದಾಗ ಶಾಲ್ಮಲಾ ಏವಿಯಾನಿಕ್ಸ್ ಅಂತ ಐತೆಲ್ಲ, ಗುತ್ತಿಗೆ ಅವರದು. ಒಬ್ಬರು ಕಾರ್ಡ್ ತಗೊಂಡು ಇಲ್ಲಿಗೆ ಬರಬೇಕು. ಇಲ್ಲೆ ನಿಂತು ಹಾಕಬೇಕು. ಒಳಗ ಹೋಗಾಕ ಇದೊಂದ ದಾರಿ.’

ಮೂತಿಯ ಕೆಳಗಿನ ಸಣ್ಣ ಬಾಗಿಲನ್ನು ಅವಳು ತೆರೆದಳು. ಒಳಗೆ ತಂತಿಗಳು, ಕೆಂಪು ಧೂಳು, ಮೂಲೆಯಲ್ಲಿ ಅಂಗೈಯಗಲದ ಒಂದು ಲೋಹದ ಮುಚ್ಚಳ. ಮುಚ್ಚಳಕ್ಕೂ ಚೌಕಟ್ಟಿಗೂ ಸೇರಿಸಿ ಕಣಜದ ಹುಳು ಮಣ್ಣಿನ ಗೂಡು ಮೆತ್ತಿತ್ತು. ಒಣಗಿ ಕಲ್ಲಾಗಿದ್ದ ಗೂಡು, ಮೇಲೊಂದು ದುಂಡು ತೂತು. ಕುಬೇರಪ್ಪ ಅದನ್ನು ಲಾಠಿಯ ತುದಿಯಿಂದ ಕೆಡವಲು ಹೋದ.

‘ಏನೂ ಮುಟ್ಟಬ್ಯಾಡ್ರಿ,’ ಎಂದು ಗದರಿ ಅವಳು ಫೋಟೊ ತೆಗೆದು ಬಾಗಿಲು ಹಾಕಿದಳು. ಅವಳ ತಲೆಯಲ್ಲಿ ಗೂಡಿರಲಿಲ್ಲ. ಠಾಣೆಯಲ್ಲಿ ಕೂತ ಜಾಕೀರನಿದ್ದ.

*

ಠಾಣೆಯ ಹೊರಗಿನ ಕಟ್ಟೆಯ ಮೇಲೆ ಜಾಕೀರನ ತಾಯಿ ರೆಹಮತ್‌ಬಿ ಕೂತಿದ್ದಳು. ಪಕ್ಕದಲ್ಲಿ ಊಟದ ಡಬ್ಬಿ. ದಾಕ್ಷಾಯಿಣಿಯನ್ನು ನೋಡಿ ಎದ್ದಳು.

‘ಅಕ್ಕಾರ, ಊಟ ಕೊಡಾಕ ಬಿಡವಲ್ರು. ಡಬ್ಬಿ ಅಂದಕೂಡ್ಲೆ ಹೆದರತಾರ.’

ದಾಕ್ಷಾಯಿಣಿ ಊಟದ ಡಬ್ಬಿ ತೆಗೆದುಕೊಂಡು ನೇರ ಒಳಗೆ ಹೋಗಿ ಜಾಕೀರನ ಮುಂದಿಟ್ಟಳು. ಯಾರೂ ತಡೆಯಲಿಲ್ಲ.

ಜಾಕೀರ ಡಬ್ಬಿಯನ್ನು ಮುಟ್ಟಲಿಲ್ಲ. ಅವನ ಕಣ್ಣು ಕೆಂಪಾಗಿತ್ತು; ಅತ್ತಿದ್ದಕ್ಕಲ್ಲ, ಸಿಟ್ಟಿಗೆ.

‘ನಿನ್ನಿ ಆ ಫಲಕ ಯಾಕ ಬಿಚ್ಚಿದಿ?’

‘ಓದೋ ದೀಪ ಹತ್ತತಿರಲಿಲ್ರಿ. ಮ್ಯಾಲಿನ ಅರ್ಧ ಬಿಚ್ಚೇನಿ, ತಂತಿ ಬದಲ ಮಾಡೇನಿ, ಹಾಕೇನಿ. ಕೆಳಗಿನ ಅರ್ಧ ಮುಟ್ಟಿಲ್ಲ.’

‘ಡಬ್ಬಿ?’

‘ನೋಡಿಲ್ರಿ. ನೋಡಿದ್ರ ನಿಮಗ ಫೋನ್ ಮಾಡತಿದ್ನಿ.’

‘ಮೂತಿ ಕೆಳಗಿನ ಬಾಗಲದ ಕೀಲಿ ನಿನ್ನ ಕಡೆ ಇರ್ತೈತೇನು?’

‘ಇಲ್ರಿ. ಅದು ಶಾಲ್ಮಲಾದವ್ರ ಕೆಲಸ. ನಮಗ ಸಂಬಂಧ ಇಲ್ಲ.’

‘ರಾಜಶೇಖರಗ ನಿನ್ನ ಮ್ಯಾಲೆ ಏನರ ಸಿಟ್ಟು?’

ಜಾಕೀರ ನಕ್ಕ. ಕೇಳಲಾಗದಂಥ ನಗು. ‘ಹೋದ ತಿಂಗಳ ಕ್ಯಾಂಟೀನಿನ್ಯಾಗ ಜೋಡಿ ಕುಂತು ಮಿರ್ಚಿ ತಿಂದೇವ್ರಿ. ಮೇಡಂ, ನೀವು ಇಷ್ಟೊತ್ತು ನನ್ನ ಕೇಳಿದ್ರಿ. ಅವ್ರನ್ನ ಯಾರರ ಕೇಳ್ಯಾರೇನ್ರಿ? ಅವ್ರು ಹೇಳಿದ್ದು ಸಾಕ್ಷಿ. ನಾ ಹೇಳಿದ್ದು ನೆವ. ಯಾಕ?’

ದಾಕ್ಷಾಯಿಣಿ ಕುರ್ಚಿಯನ್ನು ಹಿಂದೆ ತಳ್ಳಿ ಎದ್ದಳು.

*

ಬೇಲೂರಿನ ಶಾಲ್ಮಲಾ ಕಚೇರಿಯಲ್ಲಿ ತಣ್ಣನೆಯ ಗಾಳಿಯಿತ್ತು, ಚಹಾ ಇತ್ತು, ತಟ್ಟೆಯಲ್ಲಿ ಪೇಢೆಯೂ ಇತ್ತು. ಮಾಲೀಕ ಬಸವಪ್ರಭು ತಾನೇ ಎದ್ದು ಕುರ್ಚಿ ಸರಿಸಿದ. ರಾಜಶೇಖರ ಎದುರು ಕೂತ. ದಾಕ್ಷಾಯಿಣಿಯೇ ತರಬೇತಿ ಕೊಟ್ಟು ಬೆಳೆಸಿದವನು, ಚುರುಕು, ಮೃದು ಮಾತು.

‘ಭಾಳ ಕೆಟ್ಟ ಅನಸೇತ್ರಿ ಮೇಡಂ,’ ಅಂದ. ‘ಜಾಕೀರ ಹಿಂಗ ಮಾಡತಾನಂತ ಅನ್ಕೊಂಡಿರಲಿಲ್ಲ.’

‘ಅಂವ ಮಾಡ್ಯಾನಂತ ನೀ ಹೇಳಿದಿ. ನಾ ಹೇಳಿಲ್ಲ. ಕೈಯಾಗ ಡಬ್ಬಿ ಎಲ್ಲೆ ನೋಡಿದಿ?’

‘ಹ್ಯಾಂಗರಿನ್ಯಾಗ್ರಿ. ದೂರದಿಂದ.’

‘ನಿನ್ನಿ ನೀ ಹ್ಯಾಂಗರಿಗೆ ಯಾಕ ಬಂದಿದ್ದಿ?’

‘ಹಂಗ ಸುಮ್ಮನ. ವೈಫೈ ಸರಿ ನಡದೈತೋ ಇಲ್ಲೋ ನೋಡಾಕ.’

‘ಈ ತಿಂಗಳ ಹೊಸ ದಾರಿ ನಕಾಶಿ ಮಾಹಿತಿ ಹಾಕಿದಾಂವ ಯಾರು?’

‘ನಾನ ರಿ. ಹೋದ ವಾರ. ಪ್ರತಿ ತಿಂಗಳ ನಾನ ಹೋಗತೇನಿ, ಬ್ಯಾರೆಯವ್ರ ಕೈಯಾಗ ಕೊಡೂದಿಲ್ಲ. ನೀವ ಕಲಿಸಿದ್ದು.’

‘ಹೆಂಗ ಹಾಕಿದಿ? ಹೇಳು.’

ರಾಜಶೇಖರ ಮುಗುಳ್ನಕ್ಕ. ‘ಪರೀಕ್ಷಾ ಏನ್ರಿ? ಮೂತಿ ಕೆಳಗಿನ ಬಾಗಲಾ ತೆಗದು, ಮುಚ್ಚಳಾ ತೆಗದು, ಕಾರ್ಡ್ ಹಾಕಿ, ಮುಗಿಯೂ ತನಕ ಅಲ್ಲೇ ನಿಂತು, ಮುಚ್ಚಳಾ ಹಾಕಿ ಬಂದೆ. ನಾ ಹಾಕಿದ್ದು ಸರಿ ಇತ್ತು. ಕೆಡಿಸಿದ್ದು ಆಮ್ಯಾಲೆ.’

ಬಸವಪ್ರಭು ಚಹಾ ಮುಂದೆ ತಳ್ಳಿದ. ‘ಮೇಡಂ, ಅಂವನ್ನ ಹೆಂಗೂ ಹಿಡದಾರ. ಕೇಸ್ ಮುಗಿಸಿ ಬಿಡ್ರಲ್ಲ. ನಮ್ಮ ಹೆಸರು ಪೇಪರಿನ್ಯಾಗ ಬರೂದು ಬ್ಯಾಡ. ಇಂಥಾವ್ರನ್ನ ಕೆಲಸಕ್ಕ ಇಟ್ಕೋಬಾರದು ಅಂತ ನಾ ಮೊದಲಿಂದ ಹೇಳತೇನಿ.’

‘ಎಂಥಾವ್ರನ್ನ?’

ಬಸವಪ್ರಭು ಪೇಢೆಯ ತಟ್ಟೆಯತ್ತ ನೋಡಿದ.

ದಾಕ್ಷಾಯಿಣಿ ಚಹಾ ಮುಟ್ಟದೆ ಹೊರಗೆ ಬಂದಳು. ಸ್ಕೂಟರ್ ಹತ್ತಿ ಹುಬ್ಬಳ್ಳಿಯ ಕಡೆ ಹೊರಟಳು. ಧಾರವಾಡ ದಾಟಿ ನವನಗರದ ಹತ್ತಿರ ಬರುವವರೆಗೂ ಸಿಟ್ಟೇ ಅವಳನ್ನು ಓಡಿಸಿತು. ಅಲ್ಲಿ ಸಿಗ್ನಲ್ ಬಿತ್ತು. ನಿಂತಳು. ಮುಂದಿದ್ದ ಟ್ರಕ್ಕಿನ ಹಿಂಬದಿಯಲ್ಲಿ ಕೆಂಪು ಮಣ್ಣು ಮೆತ್ತಿ ಒಣಗಿತ್ತು.

ಮುಚ್ಚಳಾ ತೆಗದು, ಕಾರ್ಡ್ ಹಾಕಿ...

ಸಿಗ್ನಲ್ ಬಿಟ್ಟಿತು. ಹಿಂದಿನ ಆಟೋದವನು ಹಾರ್ನ್ ಹೊಡೆದ. ಅವಳು ಸ್ಕೂಟರನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿ, ಫೋನಿನಲ್ಲಿ ವಿಮಾನದ ಮೂತಿಯ ಬಳಿ ತೆಗೆದ ಆ ಫೋಟೊ ತೆರೆದಳು. ಬೆರಳಿನಿಂದ ಹಿಗ್ಗಿಸಿ ಮುಚ್ಚಳದ ಅಂಚು ನೋಡಿದಳು. ಆಮೇಲೆ ವಿದ್ಯಾಗೆ ಫೋನ್ ಮಾಡಿದಳು.

‘ವಿದ್ಯಾ, ಹೊಸ ತಿಂಗಳ ಮಾಹಿತಿ ಪರದೆ ಮ್ಯಾಲೆ ಯಾವಾಗಿಂದ ಐತಿ?’

‘ಹೋದ ವಾರದಿಂದ್ರಿ. ಅದರ ಮ್ಯಾಲೆ ನಾನ ಎಷ್ಟೋ ಸಲ ಹಾರಿಸೇನಿ. ನಿನ್ನಿ ತನಕ ಎಲ್ಲಾ ಸರಿ ಇತ್ತು. ಯಾಕ್ರಿ?’

‘ನಾಳೆ ಮುಂಜಾನಿ ಹ್ಯಾಂಗರಿಗೆ ಬಾ.’

*

ಮರುದಿನ ಹ್ಯಾಂಗರಿನಲ್ಲಿ ಕುಬೇರಪ್ಪ, ವಿದ್ಯಾ, ಬಸವಪ್ರಭು, ರಾಜಶೇಖರ ವಿಮಾನದ ಮೂತಿಯ ಸುತ್ತ ನಿಂತಿದ್ದರು. ದಾಕ್ಷಾಯಿಣಿ ಕೀಲಿಯನ್ನು ರಾಜಶೇಖರನ ಕೈಗೆ ಕೊಟ್ಟಳು.

‘ಬಾಗಲಾ ತೆಗಿ. ಹೋದ ವಾರ ಹೆಂಗ ಹಾಕಿದ್ದಿ, ಹಂಗ ಮಾಡಿ ತೋರ್ಸು.’

ರಾಜಶೇಖರ ಬಾಗಿಲು ತೆರೆದ. ಬಗ್ಗಿದ. ಅವನ ಬೆನ್ನು ಹಾಗೇ ನಿಂತಿತು.

‘ಯಾಕ? ಮುಚ್ಚಳಾ ತೆಗಿ.’

‘ಇದ... ಹುಳದ ಗೂಡು ಐತ್ರಿ.’

‘ಐತಿ. ಮುಚ್ಚಳಕ್ಕೂ ಚೌಕಟ್ಟಿಗೂ ಕೂಡಿಸಿ ಕಟ್ಟೇತಿ. ಇದನ್ನ ಒಡೀಲಾರದ ಮುಚ್ಚಳಾ ತೆಗಿಯಾಕ ಬರೂದಿಲ್ಲ. ಹೌದಿಲ್ಲೋ?’

‘ನಾ ಹೋದ ಮ್ಯಾಲೆ ಕಟ್ಟಿರಬೇಕ್ರಿ.’

‘ಕುಬೇರಪ್ಪ ಸಾಹೇಬ್ರ, ಆ ತೂತು ನೋಡ್ರಿ. ಸುಳ್ಳದಾಗ ನಮ್ಮ ಮನಿ ಜಂತಿ ತುಂಬ ಇವ ಇದ್ದುವು. ಹುಳ ಗೂಡು ಕಟ್ಟಿ, ತತ್ತಿ ಇಟ್ಟು, ಬಾಯಿ ಮುಚ್ಚಿ ಹೋಗ್ತೈತಿ. ಒಳಗ ಮರಿ ಬೆಳದು, ರೆಕ್ಕಿ ಬಂದು, ಗ್ವಾಡಿ ಕೊರದು ಹೊರಗ ಬಂದಾಗ ಆಗೂ ತೂತು ಅದು. ಒಂದು ವಾರದಾಗ ಆಗೂ ಕೆಲಸ ಅಲ್ಲ. ಹೋದ ವಾರ ಈ ಮುಚ್ಚಳಾ ಯಾರೂ ತೆಗದಿಲ್ಲ.’

ಕುಬೇರಪ್ಪ ಬಗ್ಗಿ ನೋಡಿದ. ತಾನು ಲಾಠಿಯಿಂದ ಕೆಡವಲು ಹೋದದ್ದು ನೆನಪಾಗಿ ಅವನ ಮುಖ ಸಪ್ಪಗಾಯಿತು.

‘ಕೆಟ್ಟ ಮಾಹಿತಿ ಒಳಗ ಹೆಂಗ ಬಂತು ಅಂತ ಎಲ್ಲಾರೂ ಕೇಳಿದ್ವಿ,’ ದಾಕ್ಷಾಯಿಣಿ ಹೇಳಿದಳು. ‘ಛಲೋ ಮಾಹಿತಿ ಹೆಂಗ ಬಂತು ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಹೋದ ವಾರ ಹೊಸ ಮಾಹಿತಿ ಬಂದೇತಿ, ವಿದ್ಯಾ ಅದರ ಮ್ಯಾಲೆ ಹಾರಿಸ್ಯಾರ. ಈ ಮುಚ್ಚಳದಿಂದ ಬಂದಿಲ್ಲ. ಉಳಿದದ್ದು ಒಂದ ದಾರಿ. ಆ ಕಪ್ಪು ಡಬ್ಬಿ. ಆ ಮಾಹಿತಿ ಇದ್ದದ್ದು ಒಬ್ಬನ ಕಡೆ. ಡಬ್ಬಿ ಹಚ್ಚಿದಾಂವ ನೀನ, ರಾಜಶೇಖರ.’

ಅವನು ಮಾಲೀಕನ ಕಡೆ ನೋಡಿದ. ಬಸವಪ್ರಭು ಎರಡು ಹೆಜ್ಜೆ ದೂರ ಸರಿದಿದ್ದ.

‘ಮಳಿಗಾಲದಾಗ ಒಂದಿನ ರಸ್ತಾ ಬಂದ್ ಆಗಿತ್ರಿ,’ ರಾಜಶೇಖರನ ದನಿ ಒಣಗಿತ್ತು. ‘ಬರಾಕ ಆಗಲಿಲ್ಲ. ಆಮ್ಯಾಲೆ ವೈಫೈ ರಿಪೇರಿಗೆ ಬಂದಾಗ ಇದನ್ನ ಹಚ್ಚಿದೆ. ತುರ್ತು ಇದ್ರ ಇರಲಿ ಅಂತ. ಕುಂತಲ್ಲೇ ಹೋಗ್ತಿತ್ತು. ಸಲೀಸು. ನಾ ಏನೂ ಕೆಡಸಿಲ್ಲ ಮೇಡಂ, ಖರೇನ. ಗುಡ್ಡ ತೆಗದಾಂವ ನಾ ಅಲ್ಲ.’

‘ಅದು ನನಗ ಗೊತ್ತೈತಿ. ಪಾಸ್‌ವರ್ಡ್ ಏನಿಟ್ಟಿದ್ದಿ?’

ರಾಜಶೇಖರ ಕೀಲಿಯನ್ನು ಬೆರಳಲ್ಲಿ ತಿರುಗಿಸಿದ.

‘ತಯಾರಿಸಿದವ್ರು ಡಬ್ಬಿ ತಳಕ್ಕ ಅಚ್ಚು ಹಾಕಿದ್ದನ್ನ ಬಿಟ್ಟಿದ್ದಿ. ನಿನ್ನಿ ನಾನ ಹೊಡದು ನೋಡೇನಿ. ಜಗತ್ತಿನ ಯಾವ ಮೂಲ್ಯಾಗಿದ್ದಾಂವರ ಬಂದು ಹೋಗಬಹುದಿತ್ತು. ಯಾವನೋ ಬಂದ, ಆಟ ಆಡಿದ, ಹೋದ. ಅಂವನನ್ನ ಹುಡುಕತೇವಿ, ಸಿಗತಾನೋ ಇಲ್ಲೋ ಗೊತ್ತಿಲ್ಲ. ಬಾಗಲಾ ತೆಗದಿಟ್ಟಾಂವ ಮಾತ್ರ ಸಿಕ್ಕಾನ.’

‘ಹೆದರಿಕಿ ಆತ್ರಿ. ಡಬ್ಬಿ ಸಿಕ್ಕಿತು ಅಂದಕೂಡ್ಲೆ...’

‘ಜಾಕೀರನ ಹೆಸರು ಬಾಯಿಗೆ ಬಂತು.’ ಅವಳ ದನಿ ಏರಲಿಲ್ಲ. ಅದೇ ಹೆದರಿಸುವಂತಿತ್ತು. ‘ಡಬ್ಬಿ ಇಟ್ಟದ್ದು ಆಲಸ್ಯ ಅಂತ ಒಂದ್ ಸಲ ಅನ್ನಬಹುದು. ಇದು ಆಲಸ್ಯ ಅಲ್ಲ. ಅಂವನ ಹೆಸರ ಹೇಳಿದ್ರ ಯಾರೂ ಎರಡನೇ ಪ್ರಶ್ನೆ ಕೇಳೂದಿಲ್ಲ ಅಂತ ನಿನಗ ಗೊತ್ತಿತ್ತು. ವಿಚಾರ ಮಾಡಿನ ಆರಿಸಿದಿ. ನಿನಗ ನಾ ಗ್ವಾಡಿ ಕಟ್ಟೂದು ಕಲಿಸಿದ್ದೆ.’

ರಾಜಶೇಖರ ತಲೆ ತಗ್ಗಿಸಿದ. ಕುಬೇರಪ್ಪ ಅವನ ತೋಳು ಹಿಡಿದು ಜೀಪಿನ ಕಡೆ ನಡೆಸಿದ. ಬಸವಪ್ರಭು ಫೋನ್ ತೆಗೆಯುತ್ತಿದ್ದಂತೆ ದಾಕ್ಷಾಯಿಣಿ ತಿರುಗಿದಳು.

‘ತಿಂಗಳಾ ತಿಂಗಳಾ ಹುಬ್ಬಳ್ಳಿಗೆ ಯಾರು ಹೋಗ್ಯಾರ, ಯಾರು ಹೋಗಿಲ್ಲ ಅಂತ ಒಮ್ಮೆನೂ ಕೇಳದಾವ್ರು ನೀವು. ನೀವೂ ಠಾಣೆಗೆ ಬರ್ರಿ. ಗುತ್ತಿಗೆ ಇವತ್ತಿಗೆ ಮುಗೀತು.’

*

ಠಾಣೆಯಲ್ಲಿ ಕುಬೇರಪ್ಪ ಜಾಕೀರನಿಗೆ ಕೈ ಮುಗಿದು, ಹಿಂದಿನ ಬಾಗಿಲ ಹತ್ತಿರ ಜೀಪು ನಿಲ್ಲಿಸಿದ್ದೇನೆ, ಮನೆಗೆ ಬಿಡಿಸುತ್ತೇನೆ ಅಂದ.

‘ಮನಿಗೆ ಬ್ಯಾಡ್ರಿ,’ ಜಾಕೀರ ಹೇಳಿದ. ‘ಎಲ್ಲಿಂದ ಒಯ್ದೀರಿ, ಅಲ್ಲಿಗೆ ಬಿಡ್ರಿ.’

‘ಅಲ್ಲೆ ಈಗ ಎಲ್ಲಾರೂ ಇರ್ತಾರಪಾ.’

‘ಇರಲಿ ಅಂತನ ಹೇಳಾಕತ್ತಾನ,’ ದಾಕ್ಷಾಯಿಣಿ ಅಂದಳು.

ರೆಹಮತ್‌ಬಿ ಮಗನ ಮುಖ ಸವರಿದಳು. ಏನೂ ಕೇಳದೆ ಅವನ ಜೊತೆ ಜೀಪು ಹತ್ತಿದಳು.

ಊಟದ ಬಿಡುವಿನಲ್ಲಿ ಹ್ಯಾಂಗರು ತುಂಬಿತ್ತು. ಮೆಕ್ಯಾನಿಕ್‌ಗಳು, ಸಾಮಾನು ಹೊರುವವರು, ಟಿಕೆಟ್ ಕೌಂಟರಿನ ಹುಡುಗಿಯರು. ಜಾಕೀರ ಒಳಗೆ ಬಂದಾಗ ಮಾತು ನಿಂತಿತು. ಕೆಲವರು ತಟ್ಟೆಯ ಕಡೆ ನೋಡಿದರು. ಅವನ ಪಕ್ಕದಲ್ಲಿ ನಿಂತು ಕುಬೇರಪ್ಪ ಗಂಟಲು ಸರಿಪಡಿಸಿಕೊಂಡ.

‘ಜಾಕೀರ ಅವ್ರದು ಏನೂ ತಪ್ಪಿಲ್ಲ. ಮಾಡಿದಾವ್ರು ಬ್ಯಾರೆ, ಸಿಕ್ಕಾರ. ನಾವು ತಪ್ಪು ಮಾಡೇವಿ.’

ಕುಬೇರಪ್ಪ ಟೋಪಿ ಹಾಕಿಕೊಂಡು ಹೊರಡಲು ತಿರುಗಿದ. ಜಾಕೀರ ಅವನ ದಾರಿಗೆ ಅಡ್ಡ ನಿಂತ.

‘ಇನ್ನೊಮ್ಮೆ ಹೇಳ್ರಿ ಸಾಹೇಬ್ರ,’ ಅಂದ. ‘ಹಿಂದ ನಿಂತಾವ್ರಿಗೆ ಕೇಳಿಲ್ಲ.’

ಕುಬೇರಪ್ಪ ದಾಕ್ಷಾಯಿಣಿಯತ್ತ ನೋಡಿದ. ಅವಳು ಕೈಕಟ್ಟಿ ನಿಂತಿದ್ದಳು. ಅವನು ಟೋಪಿಯನ್ನು ಮತ್ತೆ ತೆಗೆದು, ದನಿ ಎತ್ತರಿಸಿ, ಅಷ್ಟನ್ನೂ ಮೊದಲಿನಿಂದ ಹೇಳಿದ.