ಎಡಗಡೆಯ ಸಿಲಿಂಡರ್

ಸುಳ್ಳು ಹೇಳುವಷ್ಟು ಧೈರ್ಯ ನನಗಿಲ್ಲ. ಇದು ತೊಂಬತ್ತೇಳರ ಏಪ್ರಿಲ್‌ನಲ್ಲಿ, ಒಂದು ಭಾನುವಾರ, ಹಾಡಹಗಲೇ ನಡೆದದ್ದು.

ನನ್ನದು ಎರಡು ಸಿಲಿಂಡರಿನ ಹಳೆಯ ಆರ್‌ಡಿ 350 ಬೈಕು. ಅಂದು ಕೆ.ಆರ್. ಪುರದಲ್ಲಿ ನಾದಿನಿಯ ನಿಶ್ಚಿತಾರ್ಥ. ಉಂಗುರ ನನ್ನ ಹೆಂಡತಿ ಗಂಗಾಳ ಬಳಿಯೇ ಇತ್ತು, ನಾಲ್ಕೂವರೆಗೆ ರಾಹುಕಾಲ. ನಾನೋ, ಎಂಜಿನ್ನಿನ ಸದ್ದು ಸರಿಯಿಲ್ಲವೆಂದು ಹಲಸೂರಿನ ಮೆಕ್ಯಾನಿಕ್ ಇನಾಯತ್ ಉಲ್ಲಾ ಅವರ ಶೆಡ್ಡಿನಲ್ಲಿ ನಿಲ್ಲಿಸಿದೆ. ಅವರು ಎಡಗಡೆಯ ಸ್ಪಾರ್ಕ್ ಪ್ಲಗ್ ಬಿಚ್ಚಿ ಉಜ್ಜತೊಡಗಿದರು.

"ರೀ, ನಾಲ್ಕಾಯ್ತು, ಇನ್ನೂ ಕೆ.ಆರ್. ಪುರ ಮುಟ್ಬೇಕು! ನಿಮ್ ಅನುಮಾನಕ್ಕೆ ನನ್ ತಂಗಿ ಮದ್ವೆ ನಿಲ್ಬೇಕಾ?" ಎಂದಳು ಗಂಗಾ.

"ಆಯ್ತಮ್ಮಾ, ಹೊರಡಿ," ಎಂದರು ಇನಾಯತ್, ಪಕ್ಕದಲ್ಲಿದ್ದ ಸ್ಕೂಟರಿನತ್ತ ತಿರುಗುತ್ತ.

ಗಾಡಿ ಅಷ್ಟು ನಯವಾಗಿ ಎಂದೂ ಓಡಿರಲಿಲ್ಲ. ಆ ಬಿಸಿಲಿನಲ್ಲೂ ನನ್ನ ಎಡ ಮೊಣಕಾಲಿಗೆ ಮಾತ್ರ, ಯಾರೋ ನಿಂತು ನಿಂತು ಊದುತ್ತಿರುವಂತೆ, ತಣ್ಣನೆಯ ಗಾಳಿ.

"ಏನ್ರೀ, ಹಾಡ್ಕೊಂಡು ಓಡಿಸ್ತಿದ್ದೀರಾ?" ಗಂಗಾ ನಕ್ಕಳು.

ನಾನು ಬಾಯಿಯೇ ತೆರೆದಿರಲಿಲ್ಲ.

ಉಂಗುರ ಹೊತ್ತಿಗೆ ಸರಿಯಾಗಿ ತಲುಪಿತು. ನಾವು ಪಾಯಸ ಕುಡಿಯುತ್ತಿದ್ದಾಗ ಶಾಮಿಯಾನದ ಮುಂದೆ ಆಟೊ ನಿಂತು ಇನಾಯತ್ ಇಳಿದರು.

"ದಾರೀಲೇ ನಿಂತಿರ್ತೀರ ಅಂತ ನೋಡ್ಕೊಂಡ್ ಬಂದೆ ಸಾರ್. ಪ್ಲಗ್ ಹಾಕೋದೇ ಮರ್ತ್ಬಿಟ್ಟಿದ್ದೆ!"

ಅವರ ಅಂಗೈಯಲ್ಲಿ ನನ್ನ ಪ್ಲಗ್ ಇತ್ತು. ಅದಿಲ್ಲದೆ ಆ ಸಿಲಿಂಡರಿನಲ್ಲಿ ಕಿಡಿ ಹುಟ್ಟುವಂತಿಲ್ಲ. ಹೋಗಿ ನೋಡಿದರೆ ಪ್ಲಗ್ಗಿನ ಜಾಗ ಖಾಲಿ, ವೈರು ಜೋತಾಡುತ್ತಿತ್ತು.

"ಹಾಗಾದ್ರೆ ಗಾಡಿ ಎಳ್ಕೊಂಡು ಬಂದೋರ್ಗೂ ಒಂದ್ ಲೋಟ ಪಾಯಸ ಇಡ್ಲಾ?" ಎಂದು ಗಂಗಾ ಮತ್ತೆ ನಕ್ಕಳು. ಇನಾಯತ್ ಕೂಡ ನಕ್ಕರು.

ನಾನು ಬಗ್ಗಿ, ಸಿಲಿಂಡರಿಗೊಂದರಂತೆ ಇದ್ದ ಎರಡೂ ಸೈಲೆನ್ಸರುಗಳನ್ನು ಮುಟ್ಟಿ ನೋಡಿದೆ. ಬಲಗಡೆಯದು ಆಗಲೇ ಆರಿತ್ತು. ಎಡಗಡೆಯದು ಬೆರಳು ಸುಟ್ಟಿತು.