ಬಾವಿ ದಿನ್ನೆಯಿಂದ ಮನೆಗೆ ಎಳೆದ ತಂತಿ

ಮೇ ಹನ್ನೆರಡರ ಬೆಳಿಗ್ಗೆ ಕನ್ನೊಳ್ಳಿಯ ಪರಸಪ್ಪ ಸಿಂದಗಿ ಠಾಣೆಯ ಮೆಟ್ಟಿಲು ಹತ್ತಿದಾಗ ಪಿಎಸ್‌ಐ ಯಶೋಧಾ ಮೊದಲ ಚಹಾ ಕೂಡ ಮುಗಿಸಿರಲಿಲ್ಲ. ಅವನ ಸೋಲಾರ್ ಪ್ಲೇಟುಗಳು ಮನೆಯಿಂದ ದೂರ, ನಿಂಬೆ ತೋಟದಾಚೆಯ ಬಾವಿ ದಿನ್ನೆಯ ಮೇಲಿದ್ದವು. ಅಲ್ಲಿಂದ ಮನೆಯವರೆಗೆ ಹೋದ ವಾರವಷ್ಟೇ ಹೂತಿದ್ದ ತಾಮ್ರದ ಅರ್ಥಿಂಗ್ ತಂತಿಯನ್ನು ಯಾರೋ ಕಿತ್ತೊಯ್ದಿದ್ದರು.

"ಪ್ಲೇಟ್ ಹೋಗ್ಯಾವೇನು?"

"ಇಲ್ರಿ."

"ಕರೆಂಟಿನ ಕೇಬಲ್?"

"ಅದೂ ಐತ್ರಿ. ಬರೇ ಅರ್ಥಿಂಗ್ ತಂತಿ ಒಯ್ದಾರ. ಮಗಳು ರಾಜಶ್ರೀ ಚೊಚ್ಚಲ ಹಡಿಯಾಕ ಬಂದಾಳ್ರಿ ಮೇಡಂ. ಸಿಡಿಲಿನ ದಿನ. ಲಗೂ ಏನರ ಮಾಡ್ರಿ."

ತಾಮ್ರದ ಬೆಲೆಗಿಂತ ಮೊದಲು ಮಗಳ ಹೆಸರು ಬಂದದ್ದು ಯಶೋಧಾಳಿಗೆ ಹಿಡಿಸಿತು. ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೇಬಲ್ ರೇವಪ್ಪನೊಂದಿಗೆ ಜೀಪು ಹತ್ತಿದಳು.

ಸ್ಥಳ ಪಂಚನಾಮೆ ಮಾಡುವಾಗ ರೇವಪ್ಪ ತಲೆ ಕೆರೆದುಕೊಂಡ. ಕಳ್ಳ ತಂತಿ ಕಿತ್ತ ಮೇಲೆ ಅದನ್ನು ಹೂತಿದ್ದ ಕಾಲುವೆಯನ್ನು ಮತ್ತೆ ಮುಚ್ಚಿದ್ದ. ನಿಂಬೆ ಗಿಡಗಳ ಬೇರು ಹೊರಗೆ ಕಾಣದಂತೆ ಮಣ್ಣು ಒತ್ತಿ, ಹನಿ ನೀರಾವರಿಯ ಪೈಪನ್ನು ಇದ್ದಲ್ಲೇ ಇಟ್ಟು ಹೋಗಿದ್ದ.

"ನಾ ಇಪ್ಪತ್ತು ವರ್ಷದಾಗ ಇಂಥಾ ಶಾಣ್ಯಾ ಕಳ್ಳನ್ನ ಕಂಡಿಲ್ರಿ," ಎಂದ.

ಕಾಲುವೆಯ ಬಾಯಲ್ಲಿ ಒಂದು ಚಿಟಿಕೆ ಭಂಡಾರ ಬಿದ್ದಿತ್ತು. ದೇವರ ಆ ಅರಿಷಿಣ ಪುಡಿಯನ್ನು ಯಶೋಧಾ ಬೆರಳಿಗೆ ಹಚ್ಚಿಕೊಂಡು ನೋಡಿದಳು.

ಪ್ಲೇಟು ಕೂರಿಸಿದ್ದ ಫಿಟ್ಟರ್ ಜಾಹಿದನನ್ನು ಕರೆಸಿದರು.

"ಇಷ್ಟುದ್ದ ತಂತಿ ಯಾಕ ಬೇಕು?"

"ಪ್ಲೇಟಿನ ಹತ್ರ ಒಂದು ಅರ್ಥಿಂಗ್, ಮನಿ ಹತ್ರ ಒಂದು ಐತ್ರಿ. ಎರಡನ್ನೂ ಈ ತಂತಿ ಕೂಡಸ್ತೈತಿ. ಇದಿಲ್ಲಾಂದ್ರ ದಿನ್ನಿ ಮ್ಯಾಲೆ ಬಿದ್ದ ಸಿಡಿಲು ಕೇಬಲ್ ಹಿಡದು ಮನಿಗೆ ನುಗ್ಗಬಹುದ್ರಿ."

ಸಿಂದಗಿ, ಇಂಡಿ ಪಟ್ಟಣಗಳ ಗುಜರಿ ಅಂಗಡಿಗಳಿಗೆ ಕದ್ದ ತಾಮ್ರ ಬಂದಿರಲಿಲ್ಲ. ಯಶೋಧಾ ಪರಸಪ್ಪನ ಕಡೆ ತಿರುಗಿದಳು.

"ಭಂಡಾರ ನೀವು ಹಾಕಿದ್ದೇನು?"

"ಇಲ್ರಿ. ಮಣ್ಣು ಎತ್ತೂ ಮುಂದ ಭಂಡಾರ ಹಾಕೂದು ಮಲ್ಲಣ್ಣನ ಪದ್ಧತಿ..." ಎಂದವನು ನಾಲಿಗೆ ಕಚ್ಚಿಕೊಂಡ.

ಮಲ್ಲಣ್ಣ ಅವನ ಹೆಂಡತಿಯ ತಮ್ಮ, ಕುರಿಗಾರ. ಸೋದರಮಾವನ ಮನೆಗೇ ಹೆಣ್ಣು ಸಲ್ಲಬೇಕೆಂದು ರಾಜಶ್ರೀಯನ್ನು ತನ್ನ ಮಗನಿಗೆ ಕೇಳಿದ್ದ. ಪರಸಪ್ಪ ಅವಳನ್ನು ಮುದ್ದೇಬಿಹಾಳಕ್ಕೆ ಕೊಟ್ಟ. ಅಂದಿನಿಂದ ಇಬ್ಬರಿಗೂ ಮಾತಿರಲಿಲ್ಲ.

ಕುರಿಹಟ್ಟಿಯಲ್ಲಿ ಹುಡುಕುವ ಕೆಲಸವೇ ಬೀಳಲಿಲ್ಲ. ಸುರುಳಿ ಸುತ್ತಿ ಉಣ್ಣೆಯ ಹುರಿಯಿಂದ ಬಿಗಿದ ತಂತಿಯನ್ನು ಮಲ್ಲಣ್ಣ ತಾನೇ ಕಂಬಳಿಯಡಿಯಿಂದ ಎಳೆದು ಮುಂದಿಟ್ಟ.

"ಯಾರದಿದು?"

"ಭಾವಂದ್ರಿ."

"ಮಾರಾಕ ತಂದ್ರೇನು?"

"ಅಲ್ರಿ. ಹ್ವಾದ ವರ್ಷ ನನ್ನ ಎಮ್ಮಿ ತಂತಿ ಬೇಲಿಗೆ ಕಟ್ಟಿದ್ದೆ. ಸಿಡಿಲು ಬಿದ್ದದ್ದು ಬೇಲಿ ಆ ತುದಿಗೆ, ಎಮ್ಮಿ ಸತ್ತದ್ದು ಈ ತುದಿಗೆ. ಈ ತಂತಿನೂ ದಿನ್ನಿಯಿಂದ ಸೀದಾ ನಮ್ಮ ರಾಜಿ ಮಲಗೂ ಮನಿಗೆ ಹೋಗೈತ್ರಿ."

"ಭಾವಗ ಹೇಳಬೇಕಿತ್ತಲ್ಲ?"

"ಮಾತಿಲ್ರಿ."

ಕಳ್ಳನಿಗೊಂದು ಪಿಳ್ಳೆ ನೆವ ಎಂಬುದನ್ನು ಠಾಣೆಯಲ್ಲಿ ದಿನಾ ಕಂಡವಳು ಯಶೋಧಾ. ಆದರೆ ಈ ನೆವ ಸುಳ್ಳಲ್ಲ ಎಂದು ಅವಳಿಗೆ ಆ ಮುಖ ನೋಡಿಯೇ ಗೊತ್ತಾಯಿತು. ಜಾಹಿದ ಹೇಳಿದ್ದನ್ನು ಮೆಲ್ಲಗೆ ತಿಳಿಸಿದಳು. ಮಲ್ಲಣ್ಣ ಸುರುಳಿಯನ್ನು ಅವಳ ಕಡೆ ತಳ್ಳಿದ.

"ಹಂಗಾದ್ರ ಕೂಸಿಗೆ ನಾನೇ ಗಂಡಾಂತರ ತಂದೆನೇನ್ರಿ?"

ಅವನ ಉದ್ದೇಶ ಕೆಟ್ಟದ್ದಲ್ಲ. ಆದರೂ ಕಾನೂನಿನ ದಾರಿ ಬೇರೆ. ಸಂಜೆ ನಾಲ್ಕಕ್ಕೆ ಮಲ್ಲಣ್ಣನನ್ನು ದಸ್ತಗಿರಿ ಮಾಡಿ ಜೀಪು ಹತ್ತಿಸುವಾಗ ಪಶ್ಚಿಮಕ್ಕೆ ಮೋಡ ಗುಡುಗಿತು.

"ನನ್ನ ಒಳಗ ಹಾಕ್ರಿ. ತಂತಿ ಇವತ್ತೇ ಮನಿಗೆ ಮುಟ್ಟಸ್ರಿ," ಎಂದು ಕೈಮುಗಿದ.

ಜಪ್ತಾದ ತಂತಿ ಈಗ ಪ್ರಕರಣದ ಮುದ್ದೆಮಾಲು, ನ್ಯಾಯಾಲಯದ ಅಪ್ಪಣೆಯಿಲ್ಲದೆ ಕೊಡುವಂತಿಲ್ಲ. ಯಶೋಧಾ ಜಾಹಿದನಿಗೆ ಫೋನ್ ಮಾಡಿ ಮನೆಗೆ ಬರುವ ಕೇಬಲ್ಲನ್ನೇ ಬಿಚ್ಚಿಸಿದಳು, ರಾಜಶ್ರೀಯನ್ನು ಊರೊಳಗಿನ ಚಿಕ್ಕಮ್ಮನ ಮನೆಗೆ ಕಳಿಸಿದಳು. ಲಾಕಪ್ಪಿನ ಬಳಿ ಹೋಗಿ ಅದನ್ನು ಹೇಳಿದ ಮೇಲೆಯೇ ಮಲ್ಲಣ್ಣ ರೇವಪ್ಪ ತಂದಿಟ್ಟ ರೊಟ್ಟಿ ಮುರಿದದ್ದು.

ಮರುದಿನ ಸಿಂದಗಿ ನ್ಯಾಯಾಲಯದಲ್ಲಿ ಜಾಮೀನು ಮಂಜೂರಾಯಿತು. ಜಾಮೀನುದಾರ ಯಾರು ಎಂದಾಗ ಹೊಲದ ಪಹಣಿ ಹಿಡಿದು ಎದ್ದು ನಿಂತವನು ಪರಸಪ್ಪ.

ನ್ಯಾಯಾಧೀಶರು ಕಡತ ನೋಡಿ, ಅವನನ್ನು ನೋಡಿದರು. "ಫಿರ್ಯಾದಿ ನೀವೇ ಅಲ್ಲವೇ?"

"ಹೌದ್ರಿ. ಫಿರ್ಯಾದು ಕೊಟ್ಟಾಗ ಕಳ್ಳ ಯಾರಂತ ಗೊತ್ತಿರಲಿಲ್ರಿ. ಇವ ನನ್ನ ಮಗಳ ಸೋದರಮಾವ."

ಹೊರಗೆ ಬೇವಿನ ನೆರಳಲ್ಲಿ ಮಲ್ಲಣ್ಣ ತಲೆ ತಗ್ಗಿಸಿ ನಿಂತ. ಪರಸಪ್ಪನ ಹೆಗಲಲ್ಲಿ ಅಂಗಡಿಯಿಂದ ಆಗಷ್ಟೇ ತಂದ ಹೊಸ ತಂತಿಯ ಸುರುಳಿಯಿತ್ತು. ಯಶೋಧಾ ಜೀಪಿನ ಬಳಿ ನಿಂತು, ಇಲ್ಲದ ಕೆಲಸ ಹುಡುಕುತ್ತ ತಡ ಮಾಡಿದಳು.

"ಬರೂ ಮುಂದ ನಿನ್ನ ಗುದ್ದಲಿ ತಾ," ಎಂದ ಪರಸಪ್ಪ ಕೊನೆಗೆ. "ನಂದು ಮೊಂಡಾಗೈತಿ."

"ಭಂಡಾರನೂ ತರ್ತೇನಿ," ಎಂದ ಮಲ್ಲಣ್ಣ.

ಕನ್ನೊಳ್ಳಿಯ ಟೆಂಪೊ ಬಂತು. ಇಬ್ಬರೂ ಒಂದೇ ಸೀಟಿನಲ್ಲಿ, ತಂತಿಯ ಸುರುಳಿಯನ್ನು ತೊಡೆಗಳ ಮೇಲಿಟ್ಟುಕೊಂಡು ಕೂತರು.